ಹೆರಿಗೆ ರಜೆಯ ಹೊರೆ ಮಾಲೀಕನೊಬ್ಬನ ಹೆಗಲಿಗೆ ಬೇಡ

ವೇತನ ಸಹಿತ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿ 2017ರಲ್ಲಿ ಕಾನೂನು ತಿದ್ದಿದ ಕೇಂದ್ರ ಸರ್ಕಾರ, ಆ ವೇತನವನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಮಾತ್ರ 1961ರ ಮೂಲ ಕಾಯ್ದೆಯ ಉತ್ತರವನ್ನೇ ಉಳಿಸಿಕೊಂಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಮುಂದುವರಿಸಿದೆ. ಖಾಸಗಿ ವಲಯದಲ್ಲಿ ಕಾರ್ಮಿಕರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಗೆ ಬಾರದ ಮಹಿಳೆಯ ಆರು ತಿಂಗಳ ಪೂರ್ತಿ ಸಂಬಳವನ್ನು ಆಕೆಯ ಮಾಲೀಕನೇ ಭರಿಸಬೇಕು. ರಜೆಯ ಅವಧಿ ಹೆಚ್ಚಿಸಿದ ಹೆಗ್ಗಳಿಕೆ ಸರ್ಕಾರಕ್ಕೆ, ಖರ್ಚು ಮಾಲೀಕನಿಗೆ, ಕೆಲಸ ಕಳೆದುಕೊಳ್ಳುವ ಭಯ ಗರ್ಭಿಣಿಗೆ. ಈ ವ್ಯವಸ್ಥೆ ಸೋತಿದೆ. ಇದನ್ನು ತೇಪೆ ಹಾಕಿ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ಬುಡದಿಂದಲೇ ಬದಲಿಸಬೇಕು.

ಸೋಲಿನ ಕಾರಣ ಸರಳ ಲೆಕ್ಕದಲ್ಲಿದೆ. ಹನ್ನೆರಡು ಜನ ದುಡಿಯುವ ಸಣ್ಣ ಸಂಸ್ಥೆಯಲ್ಲಿ ತಿಂಗಳಿಗೆ 30,000 ರೂಪಾಯಿ ಸಂಬಳದ ಮಹಿಳೆಯೊಬ್ಬರು ಹೆರಿಗೆ ರಜೆಗೆ ಹೋದರೆ ಮಾಲೀಕ 1,80,000 ರೂಪಾಯಿ ಕೊಡಬೇಕು. ಆಕೆಯ ಜಾಗಕ್ಕೆ ಬಂದವರ ಸಂಬಳ ಬೇರೆ. ಇದು ಗೊತ್ತಿರುವ ಮಾಲೀಕ ಸಂದರ್ಶನದಲ್ಲೇ ‘ಮದುವೆ ಆಗಿದೆಯಾ? ಮಕ್ಕಳ ಯೋಚನೆ ಏನು?’ ಎಂದು ಕೇಳುತ್ತಾನೆ. ನೇರವಾಗಿ ಕೇಳದವನು ಮನಸ್ಸಿನಲ್ಲೇ ಲೆಕ್ಕ ಹಾಕಿ ಗಂಡಸಿಗೆ ಕೆಲಸ ಕೊಡುತ್ತಾನೆ. ಗರ್ಭಿಣಿಯನ್ನು ಕೆಲಸದಿಂದ ತೆಗೆಯುವುದನ್ನು ಕಾನೂನು ನಿಷೇಧಿಸುತ್ತದೆ ನಿಜ. ಆದರೆ ಕೆಲಸವನ್ನೇ ಕೊಡದಿದ್ದಾಗ, ತಾನಾಗಿಯೇ ರಾಜೀನಾಮೆ ಬರೆದುಕೊಡುವಂತೆ ಒತ್ತಡ ಹೇರಿದಾಗ, ಗುತ್ತಿಗೆ ನವೀಕರಿಸದೆ ಬಿಟ್ಟಾಗ ಅದನ್ನು ಸಾಬೀತುಪಡಿಸಲು ಆಕೆಯ ಬಳಿ ಏನಿದೆ? ಮಾಲೀಕರ ಈ ನಡೆ ಅನ್ಯಾಯ. ಆ ಅನ್ಯಾಯವನ್ನು ಲಾಭದಾಯಕವಾಗಿಸಿದ್ದು ಕಾನೂನು.

ಪರಿಹಾರವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಕಾರ್ಖಾನೆಗಳ ಮಹಿಳೆಯರಿಗೆ ಹೆರಿಗೆ ಭತ್ಯೆ ನೀಡುವ ಮಸೂದೆ 1928ರಲ್ಲಿ ಮುಂಬೈ ಶಾಸನ ಪರಿಷತ್ತಿನ ಮುಂದೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಅದರ ಹೊರೆಯ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು ಎಂಬುದು ಅವರ ನಿಲುವಾಗಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ದಲ್ಲಿ ಅಂಗೀಕರಿಸಿದ 183ನೇ ಒಡಂಬಡಿಕೆಯೂ ಹೆರಿಗೆ ಭತ್ಯೆ ಸಾಮಾಜಿಕ ವಿಮೆಯಿಂದ ಇಲ್ಲವೇ ಸಾರ್ವಜನಿಕ ನಿಧಿಯಿಂದ ಬರಬೇಕು ಎನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ‘ಮಾನವೀಯ ದುಡಿಮೆಯ ಸ್ಥಿತಿ ಮತ್ತು ಹೆರಿಗೆ ಪರಿಹಾರ’ ಕಲ್ಪಿಸುವ ಹೊಣೆಯನ್ನು ನಮ್ಮ ಸಂವಿಧಾನದ 42ನೇ ವಿಧಿ ವಹಿಸಿರುವುದು ಪ್ರಭುತ್ವಕ್ಕೆ.

ಈ ತತ್ವ ನಮ್ಮಲ್ಲೇ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇಎಸ್‌ಐ ಸಾಕ್ಷಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ವಿಮಾದಾರ ಮಹಿಳೆಗೆ 26 ವಾರಗಳ ವೇತನ ಬರುವುದು ಇಎಸ್‌ಐ ನಿಗಮದ ನಿಧಿಯಿಂದ. ಆ ನಿಧಿಗೆ ಮಾಲೀಕ ಸಂಬಳದ ಶೇ 3.25ರಷ್ಟು, ಕಾರ್ಮಿಕರು ಶೇ 0.75ರಷ್ಟು ಕಟ್ಟುತ್ತಾರೆ. ಗಂಡಸಿನ ಹೆಸರಿನಲ್ಲೂ ಅಷ್ಟೇ, ಹೆಂಗಸಿನ ಹೆಸರಿನಲ್ಲೂ ಅಷ್ಟೇ. ಹೀಗಾಗಿ ಮಹಿಳೆಯನ್ನು ನೇಮಿಸಿಕೊಂಡ ಮಾತ್ರಕ್ಕೆ ಸಂಬಳದ ಹೊರೆ ಹೆಚ್ಚುವುದಿಲ್ಲ. ಸಂಬಳ 21,000 ದಾಟಿದವರಿಗೆ ಈ ನ್ಯಾಯ ಇಲ್ಲ. ಆ ಮಿತಿ 2017ರ ಜನವರಿಯಲ್ಲಿ ನಿಗದಿಯಾದದ್ದು. ಹೆಚ್ಚಿಸಿದ 14 ವಾರಗಳ ಪೈಕಿ 7 ವಾರಗಳ ವೇತನವನ್ನು ಮಾಲೀಕರಿಗೆ ಮರಳಿಸುವ ಪ್ರಸ್ತಾಪವನ್ನು ಕೇಂದ್ರ ಕಾರ್ಮಿಕ ಸಚಿವಾಲಯ 2018ರ ನವೆಂಬರ್‌ನಲ್ಲಿ ಮುಂದಿಟ್ಟಿತ್ತು. ಅದು ಜಾರಿಗೆ ಬರಲಿಲ್ಲ. ಹೊರೆ ಅನ್ಯಾಯದ್ದು ಎಂದು ಸರ್ಕಾರಕ್ಕೆ ಗೊತ್ತಿತ್ತು ಎಂಬುದಕ್ಕೆ ಆ ಪ್ರಸ್ತಾಪವೇ ಪುರಾವೆ. ಗೊತ್ತಿದ್ದೂ ಕೈಚೆಲ್ಲಿದ್ದು ಅಕ್ಷಮ್ಯ.

ಇದೆಲ್ಲ ಕಾನೂನಿನ ಒಳಗಿರುವವರ ಪಾಡು. ಹೊರಗಿರುವವರ ಸ್ಥಿತಿ ಇನ್ನೂ ಕೆಟ್ಟದ್ದು. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕ್ಲಿನಿಕ್‌ಗಳಲ್ಲಿ ದುಡಿಯುವವರು, ಮನೆಗೆಲಸದವರು, ಕೂಲಿಗೆ ಹೋಗುವವರು, ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರು, ಅಗರಬತ್ತಿ ಹೊಸೆಯುವವರು ಗರ್ಭಿಣಿಯರಾದರೆ 26 ವಾರಗಳ ವೇತನದ ಮಾತೇ ಇಲ್ಲ. ಪ್ರತಿ ಗರ್ಭಿಣಿಗೆ ಕನಿಷ್ಠ 6,000 ರೂಪಾಯಿ ಕೊಡಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆ ಹೇಳಿತು. ಆದರೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಕೊಡುವುದು 5,000. ಎರಡನೆಯದು ಹೆಣ್ಣಾದರೆ ಮಾತ್ರ 6,000. ಆ 5,000ವನ್ನು 26 ವಾರಗಳಿಗೆ ಹಂಚಿದರೆ ದಿನಕ್ಕೆ 28 ರೂಪಾಯಿಯೂ ಆಗುವುದಿಲ್ಲ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಷ್ಟು ಕೂಲಿ ಬಿಟ್ಟು ಮನೆಯಲ್ಲಿರು ಎಂದು ತುಂಬು ಗರ್ಭಿಣಿಗೆ ಹೇಳುವ ನೈತಿಕ ಹಕ್ಕು ಈ ಮೊತ್ತ ಕೊಡುವ ಸರ್ಕಾರಕ್ಕಿಲ್ಲ.

ರಜೆ ಸಿಕ್ಕವರಿಗೂ ಅದು ಸಾಲುತ್ತಿಲ್ಲ. 26 ವಾರಗಳಲ್ಲಿ ಎಂಟನ್ನು ಹೆರಿಗೆಗೆ ಮುಂಚೆ ಪಡೆದರೆ ಉಳಿಯುವುದು 18. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲು ಮಾತ್ರ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗುವಿಗೆ ನಾಲ್ಕು ತಿಂಗಳು ತುಂಬುತ್ತಿದ್ದಂತೆ ತಾಯಿ ಹಾಜರಿ ಹಾಕಬೇಕು ಎನ್ನುತ್ತದೆ ರಜೆಯ ಲೆಕ್ಕ. ಆ ಎರಡು ತಿಂಗಳನ್ನು ಮಗುವಿಗಾಗಿ ಉಳಿಸಿಕೊಳ್ಳಲೆಂದೇ ಹೆಂಗಸರು ಒಂಬತ್ತು ತಿಂಗಳು ತುಂಬುವವರೆಗೂ ಬಸ್ಸು ಹತ್ತಿ ಕೆಲಸಕ್ಕೆ ಬರುತ್ತಾರೆ. ಇಷ್ಟು ದಿನ ಈ ಕೊರತೆಯನ್ನು ತುಂಬಿಕೊಟ್ಟದ್ದು ತವರುಮನೆ. ಚೊಚ್ಚಲ ಬಾಣಂತನ ತವರಿನ ಹೊಣೆ ಎಂಬ ಸಂಪ್ರದಾಯದಲ್ಲಿ ಅಜ್ಜಿಯ ಪ್ರೀತಿಯೂ ಇದೆ, ಆಕೆಯ ಲೆಕ್ಕಕ್ಕೆ ಸಿಗದ ದುಡಿಮೆಯೂ ಇದೆ. ಇಂದು ಆ ಅಜ್ಜಿಯೂ ಗಾರ್ಮೆಂಟ್ಸ್‌ನಲ್ಲೋ ಹೊಲದಲ್ಲೋ ದುಡಿಯುತ್ತಿರುತ್ತಾಳೆ. ತವರನ್ನು ನಂಬಿಕೊಂಡು ಸರ್ಕಾರ ನೀತಿ ರೂಪಿಸುವಂತಿಲ್ಲ.

ರಜೆ ಮುಗಿದ ಮರುದಿನದ ಪ್ರಶ್ನೆ ಮಗುವನ್ನು ಎಲ್ಲಿ ಬಿಡುವುದು ಎಂಬುದು. 50 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶ ಇರಬೇಕು ಎನ್ನುತ್ತದೆ ಕಾನೂನು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಹೊತ್ತ ತಾಯಿಗೆ ನಾಲ್ಕು ಬಾರಿ ಎದ್ದುಹೋಗುವ ಹಕ್ಕು ಕಾಗದದಲ್ಲಿದ್ದರೆ ಸಾಲದು. ಒಡೆದ ಆಟಿಕೆ, ಬೀಗ ಹಾಕಿದ ಕೋಣೆಯನ್ನು ಕೇಂದ್ರವೆಂದು ತೋರಿಸಿ ದಾಖಲೆ ಸರಿಮಾಡಿಕೊಳ್ಳುವುದನ್ನು ಕಾರ್ಮಿಕ ಇಲಾಖೆ ಒಪ್ಪಲೇಬಾರದು. ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯಲು ಹೊರಟ ರಾಜ್ಯ ಸರ್ಕಾರಕ್ಕೆ ಇದರ ಅಗತ್ಯ ಗೊತ್ತಿದೆ. ಊರಿನಲ್ಲಿ ಸಾಧ್ಯವಾಗುವುದು ಪೀಣ್ಯದಲ್ಲೇಕೆ ಸಾಧ್ಯವಾಗಬಾರದು?

ಈ ಇಡೀ ಲೆಕ್ಕದಲ್ಲಿ ತಂದೆ ಎಲ್ಲಿಯೂ ಇಲ್ಲ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನಗಳ ಪಿತೃತ್ವ ರಜೆ ಇದೆ. ಖಾಸಗಿ ವಲಯದ ತಂದೆಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ. 2017ರಲ್ಲಿ ಸಂಸದ ರಾಜೀವ್ ಸಾತವ್ ಮಂಡಿಸಿದ ಪಿತೃತ್ವ ಸೌಲಭ್ಯದ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ಹೊಸ ಸಂಹಿತೆ ಬರೆದವರಿಗೂ ಅದು ನೆನಪಾಗಲಿಲ್ಲ. ಸಿಸೇರಿಯನ್ ಆಗಿ ಮಲಗಿದ ಹೆಂಡತಿ, ಎರಡು ಗಂಟೆಗೊಮ್ಮೆ ಅಳುವ ಕೂಸು ಇರುವ ಮನೆಯಿಂದ ಗಂಡಸನ್ನು ಮೂರನೆಯ ದಿನವೇ ಕೆಲಸಕ್ಕೆ ಅಟ್ಟುವುದು ಅವನಿಗೂ ಅನ್ಯಾಯ. ಸ್ವೀಡನ್ 1974ರಲ್ಲೇ ತಾಯಿಗೆ ಮಾತ್ರವಿದ್ದ ಸೌಲಭ್ಯವನ್ನು ಇಬ್ಬರಿಗೂ ಸೇರಿದ ಪೋಷಕರ ವಿಮೆಯಾಗಿ ಬದಲಿಸಿತು. ಇಂದು ಅಲ್ಲಿ ಒಂದು ಮಗುವಿಗೆ 480 ದಿನ, ಅದರಲ್ಲಿ 90 ದಿನ ತಂದೆಗೇ ಮೀಸಲು. ನಮ್ಮಲ್ಲೂ ಗಂಡಸು ರಜೆ ಹಾಕುವುದು ಸಹಜವಾದರೆ, ಹೆಣ್ಣೆಂಬ ಕಾರಣಕ್ಕೆ ಕೆಲಸ ನಿರಾಕರಿಸುವ ಮಾಲೀಕನ ವಾದಕ್ಕೆ ಬಲ ಇರುವುದಿಲ್ಲ.

ನ್ಯಾಯಾಲಯಗಳು ತಮ್ಮ ಪಾಲಿನದನ್ನು ಮಾಡಿವೆ. ದೆಹಲಿ ಪಾಲಿಕೆಯ ದಿನಗೂಲಿ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಗುತ್ತಿಗೆ ಅವಧಿ ಮುಗಿದರೂ ಸೌಲಭ್ಯ ನಿಲ್ಲಬಾರದೆಂದು 2023ರಲ್ಲಿ ತೀರ್ಪಿತ್ತಿತು. ಆದರೆ ಹೊಟ್ಟೆಯಲ್ಲಿ ಮಗು ಹೊತ್ತವಳು ಕೋರ್ಟಿನ ಮೆಟ್ಟಿಲು ಹತ್ತಿ ಪಡೆಯಬೇಕಾದ ಹಕ್ಕು ಹಕ್ಕೇ ಅಲ್ಲ.

ಹಣ ಎಲ್ಲಿಂದ ಎಂಬ ಆಕ್ಷೇಪಕ್ಕೆ ಉತ್ತರ ಮೇಲಿನ ಅಂಕಿಗಳಲ್ಲೇ ಇದೆ. ಇಎಸ್‌ಐ ಸಂಗ್ರಹಿಸುವ ಶೇ 4ರಲ್ಲಿ ಹೆರಿಗೆ ವೇತನವಷ್ಟೇ ಅಲ್ಲ, ಇಡೀ ಕುಟುಂಬದ ಚಿಕಿತ್ಸೆ, ಕಾಯಿಲೆ ರಜೆ, ಅಂಗವೈಕಲ್ಯ ಪರಿಹಾರವೂ ಸೇರಿವೆ. ಹೆರಿಗೆಗೆ ಮಾತ್ರ ಪ್ರತ್ಯೇಕ ನಿಧಿ ಕಟ್ಟಿದರೆ ಬೇಕಾಗುವುದು ಅದಕ್ಕಿಂತ ಕಡಿಮೆ. ಗಿಗ್ ಕಾರ್ಮಿಕರ ಕಲ್ಯಾಣಕ್ಕಾಗಿ ಪ್ರತಿ ವಹಿವಾಟಿನಲ್ಲಿ ಅವರಿಗೆ ಸಲ್ಲುವ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಶುಲ್ಕ ವಿಧಿಸುವ ಕಾಯ್ದೆಯನ್ನು ಕರ್ನಾಟಕ 2025ರಲ್ಲಿ ತಂದಿದೆ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ದೆಹಲಿಯತ್ತ ಬೆರಳು ತೋರಿಸಿ ಕುಳಿತುಕೊಳ್ಳುವ ಅವಕಾಶ ವಿಧಾನಸೌಧಕ್ಕಿಲ್ಲ.

ಆಗಬೇಕಾದದ್ದು ಇಷ್ಟು. ಹೆರಿಗೆ ವೇತನವನ್ನು ಪೂರ್ತಿಯಾಗಿ ಸಾರ್ವಜನಿಕ ನಿಧಿಗೆ ವರ್ಗಾಯಿಸಬೇಕು. ಪ್ರತಿ ಸಂಸ್ಥೆಯೂ ತನ್ನಲ್ಲಿ ಎಷ್ಟು ಹೆಂಗಸರಿದ್ದಾರೆ ಎಂದು ನೋಡದೆ ಎಲ್ಲ ನೌಕರರ ಲೆಕ್ಕದಲ್ಲಿ ಅದಕ್ಕೆ ಪಾಲು ಕೊಡಬೇಕು. ಅಸಂಘಟಿತ ವಲಯದ ತಾಯಂದಿರ ಪಾಲನ್ನು ಕೇಂದ್ರ, ರಾಜ್ಯಗಳು ಬಜೆಟ್‌ನಿಂದ ತುಂಬಿ, 26 ವಾರಗಳ ಕನಿಷ್ಠ ಕೂಲಿಯನ್ನಾದರೂ ಅವರ ಖಾತೆಗೆ ಹಾಕಬೇಕು. ಹೆರಿಗೆಗೆ ಮುಂಚಿನ ಎಂಟು ವಾರ 26ರ ಆಚೆಗಿರಬೇಕು. ತಂದೆಗೆ ಕನಿಷ್ಠ ನಾಲ್ಕು ವಾರಗಳ ವೇತನ ಸಹಿತ ರಜೆ ಕಾನೂನಾಗಬೇಕು. ಇದಕ್ಕೆ ಬೇಕಾದ ತಿದ್ದುಪಡಿಯನ್ನು ಕೇಂದ್ರ ತರಲಿ. ಅದು ಬರುವವರೆಗೆ ಕಾಯದೆ ರಾಜ್ಯ ಸರ್ಕಾರ ಮುಂದಿನ ಬಜೆಟ್‌ನಲ್ಲೇ ನಿಧಿ ಸ್ಥಾಪಿಸಲಿ. ಅಂಬೇಡ್ಕರ್ ಈ ಮಾತು ಹೇಳಿ ನೂರು ವರ್ಷ ತುಂಬುವುದು 2028ಕ್ಕೆ. ಅಷ್ಟರೊಳಗೆ ಇದನ್ನು ಮಾಡದ ಸರ್ಕಾರಗಳಿಗೆ ಅವರ ಜಯಂತಿಯಂದು ಪ್ರತಿಮೆಗೆ ಹಾರ ಹಾಕುವ ಅರ್ಹತೆ ಉಳಿಯುವುದಿಲ್ಲ.