ಚಿಪ್ಸ್ ಜಾಸ್ತಿ ಇದ್ರೆ ಎಲ್ಲರನ್ನೂ ಹೆದರಿಸಬಹುದಾ?

ಪೋಕರ್ ಟೂರ್ನಮೆಂಟಿನಲ್ಲಿ ಚಿಪ್ಸಿನ ರಾಶಿ ದೊಡ್ಡದಾದ ಮೇಲೆ ಕಂಡಕಂಡವರ ಮೇಲೆಲ್ಲ ಬ್ಲಫ್ ಮಾಡು ಅಂತ ಉಪದೇಶ ಮಾಡೋರಿದ್ದಾರಲ್ಲ, ಅವರನ್ನ ಒಮ್ಮೆ ನಮ್ಮ ಕಿತ್ತೂರಿಗೆ ಕರ್ಕೊಂಡು ಬರಬೇಕು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾಡಿದ್ದು ಇದನ್ನೇ. ಬೆನ್ನಿಗೆ ಇಡೀ ಕಂಪನಿ ಸರಕಾರ, ಕೋಟೆ ಬಾಗಿಲಲ್ಲಿ ಸಣ್ಣ ಪಡೆ, ಬಾಯಲ್ಲಿ ದೊಡ್ಡ ಧಮಕಿ. ದತ್ತು ಒಪ್ಪದೆ ಸಂಸ್ಥಾನವನ್ನೇ ನುಂಗೋಕೆ ಹೊರಟವನ ಮುಂದೆ ಚೆನ್ನಮ್ಮ ಯಾಕೆ ಎಲೆ ಕೆಳಗಿಡಬೇಕು? ಇಟ್ಟರೂ ಹೋಗೋದೇ! ಅಕ್ಟೋಬರ್ 23ಕ್ಕೆ ಥ್ಯಾಕರೆ ಹೆಣವಾದ.

ಬ್ಲಫ್ ನಡೆಯೋದು ಉಳಿಸಿಕೊಳ್ಳೋಕೆ ಏನಾದರೂ ಇರೋನ ಮೇಲೆ. (ಸವದತ್ತಿ ಕಡೆ ಮೂರೆಲೆ ಆಡೋ ಹಿರೇರಿಗೂ ಇದು ಗೊತ್ತು ಬಿಡಿ.) ಇನ್ನಿಬ್ಬರು ಔಟಾದ್ರೆ ಬಹುಮಾನ ಖಾತ್ರಿ ಅಂತ ಕಾಯ್ತಿರೋ ನಡುಮಟ್ಟದ ರಾಶಿಯವನು ಒಳ್ಳೆ ಎಲೆಯನ್ನೂ ಬಿಡ್ತಾನೆ, ಅವನ ಮೇಲೆ ಧಾರಾಳವಾಗಿ ಮಾಡಿ. ನಾಲ್ಕೇ ಬಿಗ್ ಬ್ಲೈಂಡ್ ಉಳಿದವನು ಬಿಡಲ್ಲ. ನಿಮ್ಮಷ್ಟೇ ರಾಶಿ ಇರೋನ ತಂಟೆಯಂತೂ ಬೇಡ, ಒಂದೇ ಕೈಯಲ್ಲಿ ನಿಮ್ಮನ್ನ ಬರಿದು ಮಾಡ್ತಾನೆ.

"ದೊಡ್ಡ ರಾಶಿಯವನು ಒಂದ್ಸಲ ಸೋತ್ರೆ ಏನಾಯ್ತು, ಕಂಪನಿ ಆಮೇಲೆ ಗೆಲ್ಲಲಿಲ್ವಾ?" ಅಂತೀರಾ... ನಿಜ, ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿದ್ರು, ರಾಣಿಯನ್ನ ಬೈಲಹೊಂಗಲದಲ್ಲಿ ಸೆರೆ ಇಟ್ರು. ಆದ್ರೆ ಅದು ಬ್ಲಫ್ ಅಲ್ಲ ಸ್ವಾಮಿ, ಆಗ ಕೈಯಲ್ಲಿ ಎಲೆ ಇತ್ತು.