ಸಾಲಿಗ್ರಾಮದ ಮನೆಗಳೂ ಏಕೀಕರಣದ ಪ್ರಶ್ನೆಯೂ

ಕನ್ನಡಿಗನ ಮನೆಯ ಗುಣವು ಅವನ ದುಡಿಮೆಯೊಂದರಿಂದಲೇ ನಿರ್ಧಾರವಾಗುವದೆಂದು ತಿಳಿದವರು ನಮ್ಮ ನಾಡಿನ ಇತಿಹಾಸವನ್ನೊಮ್ಮೆ ತಿರುವಿ ನೋಡತಕ್ಕದ್ದು. ಅವನ ಊರು ಯಾವ ಸರಕಾರದ ಕೈಯಲ್ಲಿತ್ತು, ಆ ಸರಕಾರದ ರಾಜಧಾನಿಯು ಎಷ್ಟು ದೂರದಲ್ಲಿತ್ತು ಎಂಬುದೂ ಅದನ್ನು ನಿರ್ಧರಿಸಿತು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಮಾರಿಗೆ ಎಲ್ಲ ಊರುಗಳೂ ಒಂದೇ, ಅಧಿಕಾರಿಗಳಿಗೆ ಹಾಗಿರಲಿಲ್ಲ. ಮುಂಬಯಿ ಸರಕಾರವು 1898ರಲ್ಲಿ ಸುಧಾರಣಾ ಟ್ರಸ್ಟನ್ನು ರಚಿಸಿತು. ಅದು ಮುಂಬಯಿ ಪಟ್ಟಣಕ್ಕಾಗಿಯೇ ಹೊರತು ಹುಬ್ಬಳ್ಳಿ-ಧಾರವಾಡಗಳಿಗಾಗಿ ಅಲ್ಲ. ಮೂಸಿ ನದಿಯ 1908ರ ಮಹಾಪೂರದ ತರುವಾಯ ನಿಜಾಮ ಸರಕಾರವು 1912ರಲ್ಲಿ ಸುಧಾರಣಾ ಮಂಡಲಿಯನ್ನು ಸ್ಥಾಪಿಸಿತು. ಅದು ಹೈದರಾಬಾದಿಗಾಗಿ, ಕಲಬುರ್ಗಿಗಾಗಿ ಅಲ್ಲ. ಕನ್ನಡದ ದೊರೆತನವಿದ್ದ ಮೈಸೂರು ನಗರಕ್ಕೆ ಮಾತ್ರ 1903ರಲ್ಲಿಯೇ ಅಂಥ ಮಂಡಲಿಯು ದೊರೆಯಿತು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳು ನೇರವಾದ ಬೀದಿಗಳೊಡನೆ ಎದ್ದು ನಿಂತವು. ಪರರ ಪ್ರಾಂತಗಳ ಬಾಲಕ್ಕೆ ಕಟ್ಟಲ್ಪಟ್ಟ ನಮ್ಮ ಪಟ್ಟಣಗಳು ಇಕ್ಕಟ್ಟಾದ ಓಣಿಗಳಲ್ಲಿಯೇ ಉಳಿದವು. ಏಕೀಕರಣವು ಭಾವುಕರ ಕನಸೆಂದು ನಕ್ಕವರಿಗೆ ಆ ಓಣಿಗಳೇ ಉತ್ತರ!

1956ರ ನವೆಂಬರ 1ರಂದು ನಾಡು ಒಂದಾಯಿತು. ಆದರೆ ಉಳಿದ ಪಟ್ಟಣಗಳಿಗೆಲ್ಲ ಅನ್ವಯಿಸುವ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆಯು ಬಂದದ್ದು 1987ರಲ್ಲಿ, ಎಂದರೆ ಮೂವತ್ತೊಂದು ವರ್ಷಗಳ ಮೇಲೆ.

ಹಾಗೆಂದು ಮೈಸೂರು ಸೀಮೆಯವರು ಹಿಗ್ಗಬೇಕಾದುದಿಲ್ಲ. ಕಾವೇರಿಯ ಪ್ರವಾಹಕ್ಕೆ ಈಡಾಗುತ್ತಿದ್ದ ಎಡತೊರೆಯ ಜನರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಕ್ಷೆಯನ್ನು ಬರೆದು ಕಟ್ಟಿದ ಊರೇ ಕೃಷ್ಣರಾಜನಗರ. ಅಲ್ಲಿ ಬೀದಿಯು ಮೊದಲು, ಮನೆಯು ಆಮೇಲೆ. ಅದರ ನೆರೆಯಲ್ಲಿಯೇ ಸಾಲಿಗ್ರಾಮವಿದೆ. ರಾಮಾನುಜಾಚಾರ್ಯರ ಪಾದಸ್ಪರ್ಶದಿಂದ ಹೆಸರಾದ ಈ ಪುರಾತನ ಗ್ರಾಮಕ್ಕೆ ಅಂಥ ನಕ್ಷೆಯ ಭಾಗ್ಯವು ಒದಗಲಿಲ್ಲ. ಇಂಥ ಗ್ರಾಮಗಳಿಗೆ ಬಂದದ್ದು ಮನೆಗೊಂದು ಸಹಾಯಧನ. 2016ರಲ್ಲಿ ಕೇಂದ್ರ ಸರಕಾರವು ಗ್ರಾಮೀಣ ಆವಾಸ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿಗಳನ್ನೂ ಗುಡ್ಡಗಾಡಿನ ಮನೆಗೆ 1.30 ಲಕ್ಷವನ್ನೂ ಕನಿಷ್ಠ 25 ಚದರ ಮೀಟರಿನ ಅಳತೆಯನ್ನೂ ಗೊತ್ತುಮಾಡಿತು. ಕಾವೇರಿಯ ಬಯಲಿಗೂ ಕಲಬುರ್ಗಿಯ ಉರಿಬಿಸಿಲಿಗೂ ಒಂದೇ ಮೊತ್ತ! ಬಿಸಿಲನ್ನು ತಡೆಯುವ ದಪ್ಪ ಮಣ್ಣಿನ ಗೋಡೆಯನ್ನು ಕೆಡವಿ ತೆಳುವಾದ ಕಾಂಕ್ರೀಟಿನ ಪೆಟ್ಟಿಗೆಯನ್ನು ನಿಲ್ಲಿಸಿದರೆ ಅದು ಕಾಗದದ ಮೇಲೆ ಪಕ್ಕಾ ಮನೆಯೇ ಸರಿ. ವೈಶಾಖದ ಮಧ್ಯಾಹ್ನ ಅದರೊಳಗೆ ಬಾಣಂತಿಯು ಮಲಗಬಲ್ಲಳೇ?

ಸಹಾಯಧನವನ್ನು ನಾವು ಹಳಿಯುವದಿಲ್ಲ. ಸೋರುವ ಮಾಡಿನ ಕೆಳಗೆ ಮಳೆಗಾಲವನ್ನು ಕಳೆದವರಿಗೆ ಅದರ ಬೆಲೆಯು ಗೊತ್ತು. ಆದರೆ ಹಣವು ಒಬ್ಬೊಬ್ಬನ ಕೈಗೆ ಬರುವದರಿಂದ ಗೋಡೆಯೇಳುವದು, ಚರಂಡಿಯೇಳುವದಿಲ್ಲ. ತನ್ನ ಹೊಸ ಮನೆಯ ಬಚ್ಚಲ ನೀರನ್ನು ನೆರೆಯವನ ಬಾಗಿಲಿಗೆ ಬಿಡದೆ ಬಡವನಿಗೆ ಗತ್ಯಂತರವಿಲ್ಲ.

ಸಾಲಿಗ್ರಾಮವು ಈಗ ತಾಲ್ಲೂಕಿನ ಕೇಂದ್ರವಾಗಿದೆ. ಕಚೇರಿಗಳು ಬಂದಲ್ಲಿ ನೌಕರರು ಬರುವರು, ಬಾಡಿಗೆಗಳು ಏರುವವು, ಹೊಲಗಳು ನಿವೇಶನಗಳಾಗುವವು. ಬೀದಿ, ಚರಂಡಿ, ಬಯಲುಗಳ ನಕ್ಷೆಯನ್ನು ಸರಕಾರವು ಈಗಲೇ ಬರೆಯಿಸಲಿ. ಬಡವರ ನಿವೇಶನಗಳನ್ನು ಊರ ಹೊರಗಿನ ತಗ್ಗಿನಲ್ಲಿ ಹಂಚದೆ ಆ ನಕ್ಷೆಯೊಳಗೇ ಗುರುತಿಸಲಿ. ಹೊಲಗಳು ತುಂಡುತುಂಡಾಗಿ ಮಾರಿಹೋದ ಮೇಲೆ ಚರಂಡಿಗೆ ಮೂರು ಅಡಿ ನೆಲವನ್ನು ಕೇಳಿದರೆ ಕೊಡುವವರಾರು?