ಸ್ತ್ರೀ ಪಾರ್ಟು ಯಾರು ಮಾಡಬೇಕು?

ಸಿನಿಮಾ ಪತ್ರಿಕೇಲಿ ಭಾಷಣದ ಮಾತೇಕೆ ಅಂತ ಮೂಗು ಮುರೀಬೇಡಿ, ಓದುಗ ಮಿತ್ರರೇ! 1934ರಲ್ಲಿ 'ಸತಿ ಸುಲೋಚನ' ಬಂದು ಕನ್ನಡದ ತೆರೆ ಬಾಯಿ ಬಿಟ್ಟ ದಿನದಿಂದ ನಮ್ಮ ಸಿನಿಮಾ ನಿಂತಿರೋದೇ ಮಾತಿನ ಮೇಲೆ. ಫೈಟು ಮರೆತೀವಿ, ಡ್ಯಾನ್ಸು ಮರೆತೀವಿ, ಡೈಲಾಗು ಮರೆಯೋದುಂಟೇ? ಆ ಡೈಲಾಗಿನ ತವರುಮನೆ ಕಂಪನಿ ನಾಟಕ. ಕಂಪನಿ ನಾಟಕ ಅಂದಮೇಲೆ ಗುಬ್ಬಿಯ ಹೆಸರು ಎತ್ತದೆ ಮುಂದೆ ಹೋಗುವ ಹಾಗಿಲ್ಲ.

ಗುಬ್ಬಿ ಅಂದರೆ ತುಮಕೂರಿನಿಂದ ಇಪ್ಪತ್ತೇ ಕಿಲೋಮೀಟರು, ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆ. ಅಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ವೀರಣ್ಣನವರು ಕರ್ನಾಟಕದ ಮನೆಮಾತು ಮಾಡಿದರು. ಅದೇ 1884ರಲ್ಲಿ, ಇದೇ ತುಮಕೂರು ಜಿಲ್ಲೆಯ ಸಂಪಿಗೆ ಎಂಬ ಊರಿನಲ್ಲಿ, ಬಿ.ಎಂ.ಶ್ರೀ. ಹುಟ್ಟಿದರು. ಇಂಗ್ಲಿಷ್ ಪ್ರೊಫೆಸರಾಗಿದ್ದುಕೊಂಡೇ 1911ರಲ್ಲಿ ಧಾರವಾಡಕ್ಕೆ ಹೋಗಿ, ಕನ್ನಡ ತಲೆಯೆತ್ತುವುದು ಹೇಗೆ ಅಂತ ಭಾಷಣ ಮಾಡಿ ಬಂದ ಮಹನೀಯರು. ಒಂದೇ ಜಿಲ್ಲೆ, ಒಂದೇ ವರ್ಷ! ಒಂದು ಕಡೆ ರಂಗದ ಮಾತು, ಇನ್ನೊಂದು ಕಡೆ ವೇದಿಕೆಯ ಮಾತು. ಈ ನೀರಿನಲ್ಲೇ ಏನೋ ಇದೆ ಅಂದರೆ ತಪ್ಪೇ?

ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದ ಗಂಟಲುಗಳನ್ನು ನೆನೆಸಿಕೊಳ್ಳಿ. ಗಾಜನೂರಿನ ಮುತ್ತುರಾಜ್ ಅಪ್ಪ ಪುಟ್ಟಸ್ವಾಮಯ್ಯನವರ ಹಿಂದೆ ಕಂಪನಿಗೆ ಬಂದ ಹುಡುಗ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆದರು. ತಿಪಟೂರಿನ ನರಸಿಂಹರಾಜು ಅದೇ ಚಿತ್ರದಲ್ಲಿ ನಮ್ಮನ್ನು ನಗಿಸೋಕೆ ಶುರುಮಾಡಿದರು. ಮೈಕು ಇಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕೇಳಿಸಬೇಕು ಅನ್ನೋದೇ ಕಂಪನಿಯ ಮೊದಲ ಪಾಠ.

ಆದರೆ ಇವತ್ತಿನ ನನ್ನ ಮಾತು ಗಂಡಸರ ಗಂಟಲಿನದ್ದಲ್ಲ. ಕಂಪನಿ ನಾಟಕದ ಮೊದಲ ದಿನಗಳಲ್ಲಿ ದ್ರೌಪದಿಯೂ ಗಂಡಸೇ, ಸೀತೆಯೂ ಗಂಡಸೇ! ಮೀಸೆ ಬೋಳಿಸಿ, ಸೀರೆ ಸುತ್ತಿ, ಚೌರಿ ಮುಡಿದು ಬಂದರೆ ಮುಗೀತು. ಅದಕ್ಕೆ 'ಸ್ತ್ರೀ ಪಾರ್ಟು' ಅಂತ ಹೆಸರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಲಿ ಅಂತ ರಂಗದ ಬಾಗಿಲು ತೆರೆದವರಲ್ಲಿ ವೀರಣ್ಣನವರು ಮುಖ್ಯರು. ಬಿ. ಜಯಮ್ಮನವರು ರಂಗದ ಮೇಲೆ ಹಾಡಿ, ಮಾತಾಡಿ, ಆಮೇಲೆ ಸಿನಿಮಾಕ್ಕೂ ಬಂದು ಜನರ ಮನಸ್ಸು ಗೆದ್ದದ್ದು ಆ ಬಾಗಿಲಿನಿಂದಲೇ.

ಹಾಗಾದರೆ ಗಂಡಸರ ಸ್ತ್ರೀ ಪಾರ್ಟು ಮುಗಿದೇ ಹೋಯಿತೇ? ಮುಗಿದಿಲ್ಲ ಸ್ವಾಮಿ, ಸ್ಟೇಜು ಬದಲಾಗಿದೆ ಅಷ್ಟೆ. ಅದನ್ನು ನಾನು ಕಂಡದ್ದು ತುಮಕೂರಿನ ಒಂದು ಭಾಷಣ ಕೂಟದಲ್ಲಿ.

ಹಸಿರು, ಹಳದಿ, ಕೆಂಪು

2023ರ ಆಗಸ್ಟ್ ತಿಂಗಳ ಎರಡನೇ ಶನಿವಾರ. ಬಿ.ಎಚ್. ರಸ್ತೆಯ ಬದಿಯಲ್ಲಿ ಒಂದು ಟ್ಯೂಷನ್ ಮನೆಯ ಮಹಡಿ. ಸಂಜೆ ಐದಕ್ಕೆ ಇಪ್ಪತ್ತು ಜನ ಸೇರಿದ್ದರು. ಇಂಜಿನಿಯರಿಂಗ್ ಹುಡುಗರು, ಒಬ್ಬ ಇನ್ಷೂರೆನ್ಸ್ ಏಜೆಂಟು, ಬಟ್ಟೆ ಅಂಗಡಿಯವರು, ಗುಬ್ಬಿ ಕಡೆಯ ರಿಟೈರ್ಡ್ ಮೇಷ್ಟ್ರು ಒಬ್ಬರು. ಪರಿಚಯದ ಹುಡುಗನೊಬ್ಬ "ಬನ್ನಿ ಸಾರ್, ನಮ್ಮ ಡೈಲಾಗ್ ಡೆಲಿವರಿ ನೋಡಿ" ಅಂತ ಕರೆದಿದ್ದ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಇಂಥ ಕೂಟಗಳ ಪದ್ಧತಿ ಅಮೆರಿಕದ್ದು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ ಎಂಬಾತ ವೈ.ಎಂ.ಸಿ.ಎ. ಕಟ್ಟಡದಲ್ಲಿ ನಾಲ್ಕು ಜನರನ್ನು ಕೂಡಿಸಿ ಮಾತು ಕಲಿಸೋಕೆ ಹೊರಟ. ಟೋಸ್ಟ್‌ಮಾಸ್ಟರ್ಸ್ ಅಂತ ಹೆಸರಿಟ್ಟ. ಈಗ ಅದರ ಕ್ಲಬ್ಬುಗಳು ಲೋಕದ ತುಂಬ. ಆ ಕ್ಲಬ್ಬಿಗೆ ಸೇರದವರೂ ಅದರ ಕಟ್ಟಳೆ ಎರವಲು ತಂದು ಕೂಟ ನಡೆಸೋದುಂಟು. ನಾನು ಹೋಗಿದ್ದು ಅಂಥದ್ದಕ್ಕೆ.

ಕಟ್ಟಳೆ ಬಲು ಮೋಜಿನದ್ದು. ಬರೆದು ತಯಾರಾಗಿ ಬಂದ ಭಾಷಣಕ್ಕೆ ಐದರಿಂದ ಏಳು ನಿಮಿಷ. ಗಡಿಯಾರ ಹಿಡಿದು ಒಬ್ಬ ಕೂತಿರ್ತಾನೆ. ಐದಕ್ಕೆ ಹಸಿರು ಕಾರ್ಡು, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ನಮ್ಮ ಮಂತ್ರಿಗಳ ಸಭೆಗಳಿಗೂ ಇಂಥವನೊಬ್ಬ ಇದ್ದಿದ್ದರೆ ಎಷ್ಟು ಮಕ್ಕಳು ಬಿಸಿಲಿನಲ್ಲಿ ತಲೆಸುತ್ತಿ ಬೀಳೋದು ತಪ್ಪುತ್ತಿತ್ತು! ಇನ್ನೊಬ್ಬನ ಕೆಲಸ, ಮಾತಾಡುವವರು ಎಷ್ಟು ಸಲ 'ಆ...' ಅಂದರು, ಎಷ್ಟು ಸಲ 'ಅಂದ್ರೆ... ಅಂದ್ರೆ...' ಅಂತ ತಡವರಿಸಿದರು ಅಂತ ಗೀಟು ಹಾಕುವುದು. ಇದಾದ ಮೇಲೆ ಚೀಟಿ ಎತ್ತುವ ಆಟ. ಚೀಟಿಯಲ್ಲಿ ಬಂದ ವಿಷಯದ ಮೇಲೆ ನಿಂತ ನಿಲುವಿನಲ್ಲೇ ಎರಡು ನಿಮಿಷ ಮಾತಾಡಬೇಕು. ಕೊನೆಗೆ ವಿಮರ್ಶಕರು ಎದ್ದು ಚೆನ್ನಾಗಿದ್ದದ್ದು ಏನು, ತಿದ್ದಿಕೊಳ್ಳಬೇಕಾದ್ದು ಏನು ಅಂತ ಹೇಳುತ್ತಾರೆ. ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. ಒಬ್ಬರು ಮಾತಾಡುತ್ತಿರುವಾಗ ಯಾರೂ ಮಧ್ಯ ಬಾಯಿ ಹಾಕುವ ಹಾಗಿಲ್ಲ.

ಯಜಮಾನರ ಡೈಲಾಗು

ಹುಡುಗರ ಇಂಗ್ಲಿಷ್ ಭಾಷಣ ಎರಡು ಆದವು. ಮೂರನೆಯವರಾಗಿ ಎದ್ದವರು ಕುಣಿಗಲ್ ಕಡೆಯ ಒಬ್ಬ ಹೆಣ್ಣುಮಗಳು. ಮೂವತ್ತೈದು ನಲವತ್ತರ ವಯಸ್ಸು, ಹಸಿರು ಸೀರೆ, ಕೈಯಲ್ಲಿ ಮಡಿಸಿದ ಹಾಳೆ. ಆ ವರ್ಷ ಜೂನ್ 11ರಿಂದ ಹೆಂಗಸರಿಗೆ ಬಸ್ ಚಾರ್ಜು ಇಲ್ಲ ಅಂತ ಆಗಿತ್ತಲ್ಲ, ಆ ಧೈರ್ಯದಲ್ಲೇ ಹೆಬ್ಬೂರು ದಾರಿಯಾಗಿ ತುಮಕೂರಿಗೆ ಬಂದಿದ್ದರು. ಕೂಟಕ್ಕೆ ಅದು ಅವರ ಎರಡನೇ ಸಂಜೆಯಂತೆ.

ಅವರು ಗ್ರಾಮ ಪಂಚಾಯ್ತಿ ಮೆಂಬರು. 2020ರ ಡಿಸೆಂಬರ್ ಚುನಾವಣೆಯಲ್ಲಿ ಹೆಣ್ಣುಮಕ್ಕಳ ಮೀಸಲು ಸೀಟಿನಿಂದ ಗೆದ್ದವರು. ಅಧ್ಯಕ್ಷಗಿರಿ ಮೂವತ್ತು ತಿಂಗಳ ಸರದಿ ಅಲ್ಲವೇ? ಎರಡನೇ ಸರದಿಯಲ್ಲಿ ಅದು ಅವರ ಪಾಲಿಗೇ ಬಂದಿತ್ತು. ಮೂರು ದಿನ ಕಳೆದರೆ ಆಗಸ್ಟ್ 15. ಪಂಚಾಯ್ತಿ ಆಫೀಸಿನ ಮುಂದೆ ಬಾವುಟ ಹಾರಿಸಿ ಅಧ್ಯಕ್ಷರು ಭಾಷಣ ಮಾಡಬೇಕು. ಮೊದಲ ಎರಡೂವರೆ ವರ್ಷ ಮೀಟಿಂಗಿನಲ್ಲಿ ಅವರ ಬದಲು ಗಂಡನೇ ಮಾತಾಡಿದ್ದ. ಈಕೆ ಸಹಿ ಹಾಕಿದ್ದರು, ಟೀ ಕುಡಿದಿದ್ದರು, ಮನೆಗೆ ಬಂದಿದ್ದರು.

ನೋಡಿ, ಇದೇ ನಾನು ಹೇಳಿದ ಸ್ತ್ರೀ ಪಾರ್ಟು! ಮೀಸೆಯನ್ನೂ ಬೋಳಿಸೋದು ಬೇಡ, ಸೀರೆಯನ್ನೂ ಉಡೋದು ಬೇಡ. 1993ರ ಪಂಚಾಯತ್ ರಾಜ್ ಕಾನೂನು ಮೂರರಲ್ಲಿ ಒಂದು ಸೀಟು ಹೆಣ್ಣುಮಕ್ಕಳಿಗೆ ಅಂತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಕುರ್ಚಿ ಏನೋ ಬಂತು. ಎಷ್ಟೋ ಊರುಗಳಲ್ಲಿ ಆ ಕುರ್ಚಿಯ ಡೈಲಾಗು ಮಾತ್ರ ಗಂಡನ ಬಾಯಲ್ಲೇ ಉಳೀತು.

ಆಕೆ ಹಾಳೆ ಬಿಡಿಸಿ ಓದತೊಡಗಿದರು. "ಮಾನ್ಯರೇ, ಮಹನೀಯರೇ, ಅಸಂಖ್ಯಾತ ಹುತಾತ್ಮರ ತ್ಯಾಗ ಬಲಿದಾನಗಳ ಫಲಶ್ರುತಿಯಾಗಿ..." 'ಫಲಶ್ರುತಿ' ಹತ್ತಿರ ಒಂದು ಸಲ ಎಡವಿದರು, 'ಸಾರ್ವಭೌಮತ್ವ'ದ ಹತ್ತಿರ ಎರಡು ಸಲ. ಹಸಿರು ಕಾರ್ಡು ಬರುವ ಮುಂಚೆಯೇ ಹಾಳೆ ಮುಗಿದು ಕೂತುಬಿಟ್ಟರು. ಗೀಟು ಹಾಕುವ ಹುಡುಗ ಹದಿನಾಲ್ಕು 'ಆ...' ಲೆಕ್ಕ ಒಪ್ಪಿಸಿದ.

ವಿಮರ್ಶೆಗೆ ಎದ್ದವರು ಗುಬ್ಬಿ ಮೇಷ್ಟ್ರು. ಕನ್ನಡಕ ಒರೆಸಿಕೊಳ್ಳುತ್ತಾ, "ತಾಯೀ, ದನಿ ಚೆನ್ನಾಗಿದೆ. ನಿಂತ ನಿಲುವೂ ಚೆನ್ನಾಗಿದೆ. ಈ ಡೈಲಾಗು ಬರೆದವರು ಯಾರು?" ಅಂದರು.

"ನಮ್ಮ ಯಜಮಾನ್ರು ಮೇಷ್ಟ್ರೇ."

ಎಲ್ಲರೂ ನಕ್ಕರು. ಆಕೆಯೂ ನಕ್ಕರು. ಮೇಷ್ಟ್ರು ನಗಲಿಲ್ಲ. "ಬರೆದವರದ್ದು ತಪ್ಪಿಲ್ಲ. ಆದ್ರೆ ಇದರಲ್ಲಿ ನಿಮ್ಮೂರೇ ಇಲ್ಲವಲ್ಲಮ್ಮ! ಈ ಹಾಳೇನ ನಮ್ಮ ಗುಬ್ಬೀಲೂ ಓದಬಹುದು, ಡೆಲ್ಲೀಲೂ ಓದಬಹುದು" ಅಂದು ಕೂತರು.

ಹತ್ತೊಂಬತ್ತು ಕಂಬ

ಆಮೇಲೆ ಚೀಟಿ ಆಟ. ಆಕೆಗೆ ಬಂದ ಚೀಟಿ 'ಬೆಳಕು'. ಹಾಳೆ ಇಲ್ಲ, ತಯಾರಿ ಇಲ್ಲ. ಸೆರಗು ಸರಿಮಾಡಿಕೊಂಡು ಒಂದು ಗಳಿಗೆ ನೆಲ ನೋಡಿದರು. ಕೋಣೆ ಸುಮ್ಮನಿತ್ತು. ಆಮೇಲೆ ಶುರುಮಾಡಿದರು ನೋಡಿ!

"ಬೆಳಗಿನ ಜಾವ ಐದೂವರೆಗೆ ನಾವು ಹೆಂಗಸ್ರು ಡೈರಿಗೆ ಹಾಲು ಹಾಕೋಕೆ ಹೋಗ್ತೀವಿ. ನಮ್ಮನೆಯಿಂದ ಡೈರಿ ತಂಕ ಹತ್ತೊಂಬತ್ತು ಕಂಬ ಐತೆ. ನಾನು ಎಣಿಸಿದೀನಿ. ದೀಪ ಹತ್ತೋದು ಹನ್ನೆರಡೇ. ಏಳು ಕಂಬ ಕತ್ಲು. ಆ ಏಳೂ ಒಂದೇ ಕಡೆ ಐತೆ, ಕೆರೆ ಏರಿ ತಾವ. ಅಲ್ಲಿಗೆ ಬಂದ ಮೇಲೆ ಯಾರೂ ಮಾತಾಡಲ್ಲ, ಬಿರಬಿರನೆ ನಡೀತೀವಿ. ಹೋದ ವರ್ಷ ಒಬ್ಬಳು ಹಾವು ತುಳಿದ್ಲು, ಪುಣ್ಯಕ್ಕೆ ಕಚ್ಚಲಿಲ್ಲ. ಹಾಲು ಚೆಲ್ಲೋಯ್ತು, ಆ ದಿನದ ದುಡ್ಡು ಹೋಯ್ತು. ಮೀಟಿಂಗಲ್ಲಿ ಎರಡು ಸಲ ಈ ಮಾತು ಎತ್ತೋಣ ಅಂತ ಬಾಯಿ ತೆಗೆದೆ. 'ಆಮೇಲೆ ನೋಡೋಣ ಬಿಡಿ' ಅಂದ್ರು. ಆಮೇಲೆ ಅಂದ್ರೆ ಯಾವತ್ತು ಅಂತ ನಾನು ಕೇಳ್ಲಿಲ್ಲ..."

ಅಷ್ಟರಲ್ಲಿ ಕೆಂಪು ಕಾರ್ಡು ಮೇಲೆ ಬಂತು. "ಕಾರ್ಡು ತೋರಿಸ್ತಾವ್ರೆ, ನಿಲ್ಲಿಸ್ತೀನಿ" ಅಂದು ಕೂತರು. ಒಂದು ಕ್ಷಣ ಯಾರಿಗೂ ಚಪ್ಪಾಳೆ ತಟ್ಟಬೇಕು ಅಂತಲೇ ಹೊಳೀಲಿಲ್ಲ. ಆಮೇಲೆ ತಟ್ಟಿದರು. ಗೀಟು ಹಾಕುವ ಹುಡುಗನ ಲೆಕ್ಕ: ಎರಡೇ ಎರಡು 'ಆ...'!

ಮೇಷ್ಟ್ರು ಮತ್ತೆ ಎದ್ದರು. "ಆ ಹಾಳೇನ ಬ್ಯಾಗಲ್ಲೇ ಇಟ್ಕೊಂಡಿರಿ. ಮಂಗಳವಾರ ಈ ಹತ್ತೊಂಬತ್ತು ಕಂಬ ಹೇಳಿ ಸಾಕು" ಅಂದರು.

ಟೀ ಕುಡಿಯುವಾಗ ನಾನು ಆಕೆಯನ್ನು ಮಾತಾಡಿಸಿದೆ. ಭಯ ಆಯ್ತೇನಮ್ಮ ಅಂತ ಕೇಳಿದೆ. "ಆಯ್ತು ಸಾರ್. ಎಲ್ಲರೂ ಸುಮ್ಮನೆ ಕೂತು ನಾನು ಹೇಳಿದ್ದನ್ನೇ ಕೇಳ್ತಿದ್ರಲ್ಲ, ಅದಕ್ಕೇ ಭಯ ಆಯ್ತು. ಎರಡು ನಿಮಿಷ ಯಾರೂ ನಡುವೆ ಮಾತಾಡದೆ ನನ್ನ ಮಾತು ಕೇಳಿದ್ದು ಇವತ್ತೇ" ಅಂದರು. ಲೋಟ ಇಟ್ಟು, ಕುಣಿಗಲ್ ಬಸ್ಸು ತಪ್ಪೀತು ಅಂತ ಮೆಟ್ಟಿಲಿಳಿದು ಹೋದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವಳಿಗೆ ಮಾತು ಬರಲ್ಲ, ಹೆದರ್ತಾಳೆ, ಅದಕ್ಕೇ ನಾನು ಮಾತಾಡ್ತೀನಿ ಅನ್ನೋ ಗಂಡಂದಿರನ್ನು ಬೇಕಾದಷ್ಟು ಕಂಡಿದ್ದೇನೆ. ಮಾತು ಆಕೆಯ ಹತ್ತಿರ ಇತ್ತು, ಕಂಬದ ಲೆಕ್ಕದ ಸಮೇತ ಇತ್ತು. ಇಲ್ಲದೆ ಇದ್ದದ್ದು ಬಾಯಿ ಮುಚ್ಚಿಕೊಂಡು ಕೇಳುವ ಎರಡು ನಿಮಿಷ. ಕಂಪನಿ ನಾಟಕದವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ನಿನ್ನ ಮಾತಿನ ಜೊತೆಗೆ ಎದುರು ಪಾರ್ಟಿನವನ ಕಡೇ ಶಬ್ದವನ್ನೂ ಬಾಯಿಪಾಠ ಮಾಡು, ಅದು ಕಿವಿಗೆ ಬೀಳುವ ತನಕ ನೀನು ತುಟಿ ಬಿಚ್ಚುವ ಹಾಗಿಲ್ಲ! ಕೇಳಿಸಿಕೊಳ್ಳದವನಿಗೆ ರಂಗದ ಮೇಲೆ ಜಾಗವಿಲ್ಲ.

ಇದು ನಮ್ಮ ಹಳ್ಳಿಯ ರೋಗ ಮಾತ್ರ ಅಂತ ತಿಳೀಬೇಡಿ. ಈ ಕಟ್ಟಳೆಯನ್ನೆಲ್ಲ ಕಂಡುಹಿಡಿದ ಅಮೆರಿಕದ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯೇ 1973ರ ತನಕ ಹೆಂಗಸರಿಗೆ ಸದಸ್ಯತ್ವ ಕೊಟ್ಟಿರಲಿಲ್ಲ. ಹೆಲೆನ್ ಬ್ಲಾಂಚರ್ಡ್ ಎಂಬ ಗಟ್ಟಿಗಿತ್ತಿ 1970ರಲ್ಲಿ 'ಹೋಮರ್' ಅಂತ ಗಂಡು ಹೆಸರು ಬರೆಸಿ ಒಳಗೆ ಸೇರಿದಳು. ನಮ್ಮಲ್ಲಿ ಗಂಡಸು ಸ್ತ್ರೀ ಪಾರ್ಟು ಹಾಕಿದರೆ, ಅಲ್ಲಿ ಹೆಂಗಸು ಗಂಡು ಪಾರ್ಟು ಹಾಕಬೇಕಾಯ್ತು! 1985ರಲ್ಲಿ ಅದೇ ಹೆಲೆನ್ ತನ್ನ ಸ್ವಂತ ಹೆಸರಿನಲ್ಲೇ ಇಡೀ ಸಂಸ್ಥೆಯ ಅಧ್ಯಕ್ಷೆಯಾದಳು. ಅಧ್ಯಕ್ಷೆಯಾದ ಮೊದಲ ಹೆಂಗಸು ಆಕೆಯೇ.

ಕುಣಿಗಲ್ ಕಡೆಯ ಅಧ್ಯಕ್ಷೆಯ ಕತೆ ಏನಾಯ್ತು ಅಂತ ಕೇಳ್ತೀರಿ ಅಲ್ಲವೇ? ಸಿನಿಮಾ ಆಗಿದ್ದರೆ ಭಾಷಣ ಮುಗಿಯೋದರೊಳಗೆ ಏಳೂ ದೀಪ ಪಕ್ ಅಂತ ಹತ್ತಿಕೊಳ್ಳುತ್ತಿದ್ದವು, ಗಂಡ ಕಣ್ಣೊರೆಸಿಕೊಳ್ಳುತ್ತಿದ್ದ. ಹಾಗೇನೂ ಆಗಲಿಲ್ಲ. ಮೇಷ್ಟ್ರು ಆಮೇಲೆ ಫೋನಿನಲ್ಲಿ ಹೇಳಿದ್ದು ಇಷ್ಟು. ಬಾವುಟ ಹಾರಿಸಿದ ಮೇಲೆ ಆಕೆ ಮೂರು ನಿಮಿಷ ಮಾತಾಡಿದರಂತೆ, ಕಂಬದ ಲೆಕ್ಕ ಒಪ್ಪಿಸಿದರಂತೆ. ಶಾಲೆ ಮಕ್ಕಳಿಗಿಂತ ಹಿಂದೆ ನಿಂತಿದ್ದ ಹೆಂಗಸರು ಚೆನ್ನಾಗಿ ಚಪ್ಪಾಳೆ ತಟ್ಟಿದರಂತೆ. ಅದಾದ ಮೇಲೆ ಯಜಮಾನರು ಮೈಕು ಹಿಡಿದು ಇಪ್ಪತ್ತು ನಿಮಿಷ ಫಲಶ್ರುತಿ ಹೇಳಿದರಂತೆ! ದಸರೆ ಹೊತ್ತಿಗೆ ಏರಿಯ ಮೇಲೆ ನಾಲ್ಕು ದೀಪ ಬಂದವು. ಉಳಿದ ಮೂರರ ವಿಷಯವನ್ನು ಮುಂದಿನ ಮೀಟಿಂಗಿನಲ್ಲಿ ಆಕೆಯೇ ಎತ್ತಿದರು, ಉತ್ತರ ಬರೆಸಿಕೊಂಡ ಮೇಲೇ ಸಹಿ ಹಾಕಿದರು. ಗಂಡ ಆ ದಿನ ಕೂತದ್ದು ಹೊರಗಿನ ಜಗಲಿಯಲ್ಲಿ.

ಬಸ್ಸು ಕಾಯುತ್ತಾ ಇದನ್ನು ಓದುತ್ತಿರುವ ಅಣ್ಣಂದಿರೇ, ನಿಮ್ಮಲ್ಲೂ ಪಂಚಾಯ್ತಿ ಮೆಂಬರುಗಳ ಗಂಡಂದಿರು ಇರಬಹುದು. ಇಲ್ಲದಿದ್ದರೆ ಬೇಡ, ಮನೆ ಯಜಮಾನರಂತೂ ಇದ್ದೀರಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯಾಕೆ ಏನಾದರೂ ಹೇಳೋಕೆ ಶುರುಮಾಡಿದರೆ ಗೋಡೆ ಗಡಿಯಾರದ ಕಡೆ ಒಂದು ಕಣ್ಣಿಡಿ. ಎರಡೇ ಎರಡು ನಿಮಿಷ ಬಾಯಿ ಬಿಡದೆ ಕೇಳಿ ನೋಡೋಣ. ಇದು ನೋಡೋಕೆ ಸುಲಭ, ಮಾಡೋಕೆ ಸ್ತ್ರೀ ಪಾರ್ಟಿಗಿಂತ ಕಷ್ಟ!